ತಾಂಜಾನಿಯಾದ ಹಳ್ಳಿ ಶಾಲೆಗೆ ಸ್ವಯಂಸೇವಕ ಟೀಚರ್ ಆಗಿ ಹೋಗುವವರಿಗೆ: ಹೊರಡುವ ಮುಂಚಿನಿಂದ ಮೊದಲ ಟರ್ಮ್ ಮುಗಿಯುವ ತನಕ

ಪಾಠ ಮಾಡೋದು ನಿಮಗೆ ಗೊತ್ತಿರಬಹುದು. ಆದರೆ ಬೇರೆ ದೇಶದ ಹಳ್ಳಿಯಲ್ಲಿ ಮನೆ ಮಾಡಿ, ಅಲ್ಲಿನ ನೀರು ಕುಡಿದು, ಅಲ್ಲಿನ ಜನರ ಜೊತೆ ಒಬ್ಬರಾಗಿ, ಆಮೇಲೆ ಪಾಠ ಮಾಡೋದು ಬೇರೆಯೇ ಕೆಲಸ. ತಾಂಜಾನಿಯಾಕ್ಕೆ ಹೋಗುವ ಹೊಸಬರು ಸಾಮಾನ್ಯವಾಗಿ ಪಾಠದ ತಯಾರಿ ಜೋರಾಗಿ ಮಾಡಿಕೊಂಡು, ಉಳಿದದ್ದನ್ನು ಅಲ್ಲಿ ಹೋಗಿ ನೋಡಿಕೊಳ್ಳೋಣ ಅಂತ ಬಿಡುತ್ತಾರೆ. ನಾನು ಹೇಳುವುದು ಉಲ್ಟಾ. ಮೊದಲ ಮೂರು ತಿಂಗಳನ್ನು ಕಲಿಯೋದಕ್ಕೇ ಇಡಿ. ಊರಿನ ನಮಸ್ಕಾರ, ಊರಿನ ಗಡಿಯಾರ, ಊರಿನ ಭಾಷೆ ಸ್ವಾಹಿಲಿ ಕೈಗೆ ಹತ್ತಿದ ಮೇಲೆ ಪಾಠ ತಾನಾಗೇ ಹಿಡಿತಕ್ಕೆ ಬರುತ್ತದೆ.

ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿಗೆ ಬಂದು ಇದ್ದಕ್ಕಿದ್ದಂತೆ ಇಂಗ್ಲಿಷ್ ಪಾಠ ಎದುರಿಸಿದವರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಯಾಕೆ ಅನ್ನೋದು ಶಾಲೆಯ ಭಾಗಕ್ಕೆ ಬಂದಾಗ ಹೇಳುತ್ತೇನೆ.

ಹೆಜ್ಜೆ 1: ಒಪ್ಪಿಕೊಳ್ಳುವ ಮುಂಚೆ ಬಾಯಿಬಿಟ್ಟು ಕೇಳಿ

ಸ್ವಯಂಸೇವೆ ಅಂದ ಮಾತ್ರಕ್ಕೆ ಪ್ರಶ್ನೆ ಕೇಳಬಾರದು ಅಂತೇನಿಲ್ಲ. ನಿಮ್ಮನ್ನು ಕಳಿಸುವ ಸಂಸ್ಥೆಗೆ ಇಷ್ಟನ್ನು ಬರೆದು ಕೇಳಿ: ಪರ್ಮಿಟ್ ಯಾರು ಮಾಡಿಸುತ್ತಾರೆ, ಅದರ ಖರ್ಚು ಯಾರದು? ಮನೆ ಎಲ್ಲಿ, ಶಾಲೆಯಿಂದ ಎಷ್ಟು ದೂರ? ತಿಂಗಳ ಭತ್ಯೆ ಎಷ್ಟು? ಆರೋಗ್ಯ ವಿಮೆ ಇದೆಯಾ, ದೂರದ ಊರಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯಾ? ಆ ಶಾಲೆಯಲ್ಲಿ ನಿಮಗಿಂತ ಮುಂಚೆ ಯಾರಾದರೂ ಇದ್ದರಾ, ಅವರ ಜೊತೆ ಮಾತಾಡಬಹುದಾ? ಕೊನೆಯ ಪ್ರಶ್ನೆಗೆ ಬರುವ ಉತ್ತರ ನೋಡಿದರೆ ಸಂಸ್ಥೆ ಎಂಥದ್ದು ಅಂತ ಅರ್ಧ ಗೊತ್ತಾಗುತ್ತದೆ. ನಿಮ್ಮಿಂದಲೇ ದೊಡ್ಡ ಮೊತ್ತ ಕೇಳಿ, ಅದು ಎಲ್ಲಿಗೆ ಹೋಗುತ್ತದೆ ಅಂತ ಹೇಳದವರನ್ನು ಬಿಟ್ಟುಬಿಡಿ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಪಾಠ ಮಾಡೋದು ಬೇಡವೇ ಬೇಡ. ಸ್ವಯಂಸೇವಕರಿಗೆ, ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ತಾಂಜಾನಿಯಾದಲ್ಲಿ 'ಸಿ' ದರ್ಜೆಯ ವಾಸದ ಪರ್ಮಿಟ್ ಇದೆ. ಸಂಸ್ಥೆಯ ಕಡೆಯಿಂದ ಅರ್ಜಿ ಹೋಗಬೇಕು. ಅದು ಕೈಗೆ ಬರುವುದಕ್ಕೆ ಸಮಯ ಹಿಡಿಯುತ್ತದೆ, ಅದಕ್ಕೇ ಹೊರಡುವ ದಿನಕ್ಕಿಂತ ಬಹಳ ಮುಂಚೆ ಶುರು ಮಾಡಿಸಿ. ಪಾಸ್‌ಪೋರ್ಟ್ ಸೇವಾ ಮೂಲಕ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ತೆಗೆಸಿಡಿ. ಡಿಗ್ರಿ, ಬಿ.ಎಡ್ ಪ್ರಮಾಣಪತ್ರಗಳ ದೃಢೀಕರಿಸಿದ ಪ್ರತಿಗಳು ಜೊತೆಗಿರಲಿ. ಜಿಲ್ಲಾ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಒಂದು ಸೆಟ್, ಶಾಲೆಯಲ್ಲಿ ಒಂದು ಸೆಟ್ ಕೇಳುತ್ತಾರೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.

ಹೆಜ್ಜೆ 2: ಲಸಿಕೆ, ಔಷಧಿ

ಹಳದಿ ಜ್ವರದ ಲಸಿಕೆ ಹಾಕಿಸಿ. ಕೀನ್ಯಾ, ಇಥಿಯೋಪಿಯಾ ಎರಡೂ ಭಾರತದ ಹಳದಿ ಜ್ವರ ಪಟ್ಟಿಯಲ್ಲಿವೆ. ಬೆಂಗಳೂರಿನಿಂದ ಹೋಗುವ ಎಷ್ಟೋ ಜನ ಆಡಿಸ್ ಅಬಾಬಾ ದಾರಿಯಲ್ಲೇ ಹೋಗುತ್ತಾರೆ, ರಜೆಯಲ್ಲಿ ನೈರೋಬಿ ನೋಡಿಬರೋಣ ಅಂತ ಮನಸ್ಸಾಗುವುದೂ ಸಹಜ. ಆ ದೇಶಗಳಲ್ಲಿ ಇಳಿದು ವಾಪಸ್ ಬರುವಾಗ ಹಳದಿ ಕಾರ್ಡ್, ಅಂದರೆ ಈ ಲಸಿಕೆಯ ಪ್ರಮಾಣಪತ್ರ, ಇಲ್ಲದಿದ್ದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಹಾಕಿಸಿಕೊಂಡ 10 ದಿನದ ನಂತರ ಕಾರ್ಡ್ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ.

ಮಲೇರಿಯಾ ವಿಷಯ ಹಗುರವಾಗಿ ತಗೋಬೇಡಿ. ಅಲ್ಲಿರುವುದು ಬಹುಪಾಲು ಫಾಲ್ಸಿಪೆರಮ್ ಜಾತಿಯದು, ಜೀವಕ್ಕೆ ಅಪಾಯ ತರುವಂಥದ್ದು. ನಮ್ಮ ಮನೆಗಳಲ್ಲಿ ಹಿಂದೆ ಇರುತ್ತಿದ್ದ ಕ್ಲೋರೋಕ್ವಿನ್ ಅದಕ್ಕೆ ಕೆಲಸ ಮಾಡುವುದಿಲ್ಲ. ತಡೆಮಾತ್ರೆ ಯಾವುದು, ಎಷ್ಟು ದಿನ ಅಂತ ಹೊರಡುವ ಮುಂಚೆ ಡಾಕ್ಟರ ಹತ್ತಿರ ಕೂತು ತೀರ್ಮಾನಿಸಿ. ಬಿಪಿ, ಥೈರಾಯ್ಡ್, ಸಕ್ಕರೆ ಮಾತ್ರೆ ತಗೊಳ್ಳುವವರು ಕೆಲವು ತಿಂಗಳಿಗೆ ಆಗುವಷ್ಟನ್ನು ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಹಲ್ಲು, ಕನ್ನಡಕ ಇಲ್ಲೇ ತೋರಿಸಿಕೊಳ್ಳಿ.

ಹೆಜ್ಜೆ 3: ಪೆಟ್ಟಿಗೆ ಕಟ್ಟುವಾಗ

2019ರ ಜೂನ್ 1ರಿಂದ ತಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ವಿಮಾನ ನಿಲ್ದಾಣದಲ್ಲೇ ತೆಗೆದು ಕೊಡಿ ಅನ್ನುತ್ತಾರೆ. ನಾವು ಬಟ್ಟೆ, ಚಪ್ಪಲಿ, ಚಟ್ನಿಪುಡಿ ಎಲ್ಲವನ್ನೂ ಅಂಗಡಿ ಕವರಿನಲ್ಲಿ ಸುತ್ತುವವರು ಅಲ್ವಾ? ಈ ಸಲ ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಬಳಸಿ.

ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಹೋಗಬೇಡಿ. ದಾರ್ ಎಸ್ ಸಲಾಮ್ ಮಂಗಳೂರಿನ ಹಾಗೆ ಬೆವರಿಳಿಸುತ್ತದೆ, ನಿಜ. ಆದರೆ ದಕ್ಷಿಣದ ಎತ್ತರದ ನಾಡು ಇರಿಂಗಾ, ನ್ಜೋಂಬೆ ಕಡೆ ಜೂನ್, ಜುಲೈನಲ್ಲಿ ಹಲ್ಲು ಕಡಿಯುವಷ್ಟು ಚಳಿ. ನಿಮ್ಮ ಊರು ಯಾವ ಎತ್ತರದಲ್ಲಿದೆ ನೋಡಿ ಸ್ವೆಟರ್ ತಗೊಳ್ಳಿ. ಮಳೆಯೂ ಅಷ್ಟೇ. ಕರಾವಳಿ ಮತ್ತು ಉತ್ತರದಲ್ಲಿ ಮಾರ್ಚ್‌ನಿಂದ ಮೇ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್ ಸಣ್ಣ ಮಳೆ. ದಕ್ಷಿಣ ಮತ್ತು ನಡುನಾಡಿನಲ್ಲಿ ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಂದೇ ಮಳೆಗಾಲ.

ಬಟ್ಟೆ ವಿಷಯದಲ್ಲಿ ಟೀಚರ್ ಅಂದರೆ ಟೀಚರ್ ಥರ ಕಾಣಬೇಕು ಅನ್ನೋದು ಅಲ್ಲಿನವರ ನಿರೀಕ್ಷೆ. ಗಂಡಸರಿಗೆ ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು, ಪಾಲಿಶ್ ಮಾಡಿದ ಶೂ. ಹೆಂಗಸರಿಗೆ ಮೊಣಕಾಲು ದಾಟುವ ಉಡುಪು, ಚೂಡಿದಾರ್ ನಡೆಯುತ್ತದೆ. ಕೆಂಪು ಮಣ್ಣಿನ ದಾರಿಯಲ್ಲಿ ನಡೆದು ಬಂದರೂ ಅಲ್ಲಿನ ಟೀಚರುಗಳ ಶೂ ಹೊಳೆಯುತ್ತಿರುತ್ತದೆ. ಹಾಗಾಗಿ ಪಾಲಿಶ್ ಡಬ್ಬಿ ಮರೆಯಬೇಡಿ. ಬಟ್ಟೆ ಜಾಸ್ತಿ ಹೊರುವುದು ಬೇಡ, ಊರಿನ ಸಂತೆಯಲ್ಲಿ ಬಣ್ಣದ ಅಚ್ಚಿನ ಕಿತೆಂಗೆ ಬಟ್ಟೆ ಕೊಂಡು ಟೈಲರ್ ಹತ್ತಿರ ಹೊಲಿಸಿಕೊಳ್ಳಬಹುದು.

ಹೊರಲೇಬೇಕಾದದ್ದು: ಸಣ್ಣ ಪ್ರೆಶರ್ ಕುಕ್ಕರ್, ಅದಕ್ಕೆ ಒಂದು ಹೆಚ್ಚುವರಿ ಗ್ಯಾಸ್ಕೆಟ್. ಅಲ್ಲಿನ ಊಟದಲ್ಲಿ ಕಾಳು ಜಾಸ್ತಿ, ಇದ್ದಿಲ ಒಲೆಯ ಮೇಲೆ ಅದು ಬೇಯಲು ಗಂಟೆಗಟ್ಟಲೆ ಬೇಕು. ಚೌಕ ಪಿನ್ನಿನ ಬ್ರಿಟಿಷ್ ಮಾದರಿ ಪ್ಲಗ್ ಅಡಾಪ್ಟರ್. ಪವರ್ ಬ್ಯಾಂಕ್, ಒಳ್ಳೆಯ ಟಾರ್ಚ್. ಇಂಗು, ಸಾಸಿವೆ, ಒಣಗಿಸಿದ ಕರಿಬೇವು, ಸಾರಿನ ಪುಡಿ. ಹುಣಸೆಹಣ್ಣು ಹೊರುವುದು ದಂಡ, ಅಲ್ಲೇ ಬೇಕಾದಷ್ಟು ಸಿಗುತ್ತದೆ.

ಹೆಜ್ಜೆ 4: ಮೊದಲ ವಾರ, ಸಿಮ್ಮು, ದುಡ್ಡು, ಗಡಿಯಾರ

ಇಳಿದ ಮೇಲೆ ಮೊದಲ ಕೆಲಸ ಸಿಮ್. ಪಾಸ್‌ಪೋರ್ಟ್ ಮತ್ತು ಬೆರಳಚ್ಚು ಕೊಟ್ಟು ನಿಮ್ಮ ಹೆಸರಲ್ಲೇ ನೋಂದಾಯಿಸಿ. ಬೇರೆಯವರ ಹೆಸರಿನ ಸಿಮ್ ಬಳಸಬೇಡಿ, ಯಾಕಂದರೆ ಅಲ್ಲಿ ಸಿಮ್ಮೇ ಬ್ಯಾಂಕು. ನಮ್ಮ ಯುಪಿಐ ಕಡೆಗೆ ನೋಡಲೂ ಬೇಡಿ. ಎಂ-ಪೆಸಾ, ಏರ್‌ಟೆಲ್ ಮನಿ ಥರದ ಮೊಬೈಲ್ ಹಣದಲ್ಲೇ ತರಕಾರಿಯಿಂದ ಕರೆಂಟ್ ಬಿಲ್ಲಿನ ತನಕ ಎಲ್ಲ ನಡೆಯುತ್ತದೆ. ಮೂಲೆ ಅಂಗಡಿಯ 'ವಕಾಲಾ' ಏಜೆಂಟ್ ಹತ್ತಿರ ನಗದು ಕೊಟ್ಟರೆ ಫೋನಿಗೆ ಜಮೆ. ಬೇಕಾದಾಗ ಅವರಲ್ಲೇ ನಗದು ತೆಗೆಯಬಹುದು, ಅದಕ್ಕೆ ಶುಲ್ಕವಿದೆ. ಪಿನ್ ಒತ್ತುವ ಮುಂಚೆ ತೆರೆಯ ಮೇಲೆ ಬರುವ ಹೆಸರು ಓದಿ. ಇನ್ನೊಂದು ವಿಷಯ: 'ಆ ದುಡ್ಡನ್ನು ಈ ನಂಬರಿಗೆ ಕಳಿಸಿ' ಅನ್ನುವ ಸ್ವಾಹಿಲಿ ಮೆಸೇಜ್ ಅಪರಿಚಿತ ನಂಬರಿನಿಂದ ಬಂದೇ ಬರುತ್ತದೆ. ಅದು ಅಲ್ಲಿನ ಹಳೆಯ ಮೋಸ, ಅಳಿಸಿಬಿಡಿ.

ಡಾಲರ್ ಒಯ್ಯುವುದಾದರೆ ಹೊಸ, ಮಡಿಕೆ ಇಲ್ಲದ ನೋಟು ಒಯ್ಯಿರಿ. ಹಳೆಯ ನೋಟನ್ನು ಬದಲಾಯಿಸಿಕೊಡುವುದಿಲ್ಲ. 2025ರಿಂದ ದೇಶದೊಳಗಿನ ವ್ಯವಹಾರಕ್ಕೆ ವಿದೇಶಿ ಹಣ ಬಳಸುವಂತಿಲ್ಲ, ಬಾಡಿಗೆ ಕೂಡ ಅಲ್ಲಿನ ಹಣವಾದ ಶಿಲ್ಲಿಂಗಿನಲ್ಲೇ.

ಇನ್ನು ಗಡಿಯಾರ. ಸ್ವಾಹಿಲಿಯಲ್ಲಿ ದಿನ ಬೆಳಗ್ಗೆ 6ಕ್ಕೆ ಶುರುವಾಗುತ್ತದೆ. ನಮ್ಮ 7 ಗಂಟೆ ಅವರಿಗೆ 'ಸಾ ಮೋಜಾ', ಅಂದರೆ ಒಂದು ಗಂಟೆ. ಮಧ್ಯಾಹ್ನ 12 ಅವರಿಗೆ ಆರು. ಸಂಜೆ 4 ಅವರಿಗೆ ಹತ್ತು. ಲೆಕ್ಕ ಸುಲಭ, 6 ಗಂಟೆ ಆಚೀಚೆ. ಕೈಗಡಿಯಾರದ ಮುಳ್ಳು ಎಲ್ಲಿದೆಯೋ ಅದರ ನೇರ ಎದುರಿನ ಅಂಕಿ ಓದಿದರೆ ಸಾಕು. ಆದರೆ ಬಸ್ಸಿನ ವಿಷಯದಲ್ಲಿ ಎಚ್ಚರ. 'ನಾಳೆ ಹನ್ನೆರಡು ಗಂಟೆಗೆ ಬಸ್ಸು' ಅಂದರೆ ಬೆಳಗ್ಗೆ 6ಕ್ಕೆ ಅಂತ ಅರ್ಥ. ನೀವು ಮಧ್ಯಾಹ್ನ ಹೋದರೆ ಬಸ್ಸು ಮುನ್ನೂರು ಕಿಲೋಮೀಟರ್ ಆಚೆ ಇರುತ್ತದೆ. ಟಿಕೆಟ್ ಕೊಳ್ಳುವಾಗ ಹೊತ್ತಿನ ಹೆಸರು ಸೇರಿಸಿ ಕೇಳಿ: 'ಅಸುಬುಹಿ' ಬೆಳಗ್ಗೆ, 'ಮ್ಚಾನಾ' ಹಗಲು, 'ಜಿಯೋನಿ' ಸಂಜೆ, 'ಉಸಿಕು' ರಾತ್ರಿ. ಶಾಲೆಯ ಟೈಮ್‌ಟೇಬಲ್ ಇಂಗ್ಲಿಷ್ ಗಂಟೆಯಲ್ಲಿ ಬರೆದಿದ್ದರೂ ಸ್ಟಾಫ್‌ರೂಮಿನ ಮಾತು ಸ್ವಾಹಿಲಿ ಗಂಟೆಯಲ್ಲೇ ಇರುತ್ತದೆ.

ಹೆಜ್ಜೆ 5: ನಮಸ್ಕಾರ ಕಲಿಯಿರಿ, ಊರು ತೆರೆದುಕೊಳ್ಳುತ್ತದೆ

ಇಡೀ ಬರಹದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂತಾದರೆ ಇದನ್ನು ಪಾಲಿಸಿ.

ತಾಂಜಾನಿಯಾದ ಹಳ್ಳಿಯಲ್ಲಿ ನಮಸ್ಕಾರ ಮಾಡದೆ ಮಾತು ಶುರು ಮಾಡುವಂತಿಲ್ಲ. ಅಂಗಡಿಗೆ ಹೋಗಿ 'ಒಂದು ಕೆಜಿ ಅಕ್ಕಿ' ಅಂದರೆ ಒರಟುತನ. ಮೊದಲು 'ಹಬಾರಿ ಜಾ ಅಸುಬುಹಿ', ಬೆಳಗ್ಗೆ ಹೇಗಿದೆ ಅಂತ ಕೇಳಬೇಕು. ಅವರು 'ನ್ಜೂರಿ', ಚೆನ್ನಾಗಿದೆ ಅನ್ನುತ್ತಾರೆ. ಮನೆ ಹೇಗಿದೆ, ಕೆಲಸ ಹೇಗಿದೆ, ಮಕ್ಕಳು ಹೇಗಿದ್ದಾರೆ, ಎಲ್ಲಕ್ಕೂ ನ್ಜೂರಿ. ಆಮೇಲೆ ಅಕ್ಕಿ. ವಯಸ್ಸಾದವರಿಗೆ ಬೇರೆ ನಮಸ್ಕಾರ: 'ಶಿಕಾಮೋ'. ಅವರು 'ಮರಹಬಾ' ಅಂತ ಸ್ವೀಕರಿಸುತ್ತಾರೆ. ಇದನ್ನು ಹೇಳುವುದು ಚಿಕ್ಕವರ ಜವಾಬ್ದಾರಿ. ನಿಮ್ಮ ವಿದ್ಯಾರ್ಥಿಗಳು ನಿಮಗೆ ಶಿಕಾಮೋ ಅಂದಾಗ ನೀವು ಮರಹಬಾ ಅನ್ನಬೇಕು, ತಿರುಗಿ ಶಿಕಾಮೋ ಅನ್ನಬಾರದು.

ಮಣ್ಣುದಾರಿಯಲ್ಲಿ ಶಾಲೆಗೆ ನಡೆಯುತ್ತಿದ್ದೀರಿ. ಎದುರಿಗೆ ತಲೆಯ ಮೇಲೆ ನೀರಿನ ಬಕೆಟ್ ಹೊತ್ತ ಅಜ್ಜಿ. ನೀವು ನಿಂತು, ಸ್ವಲ್ಪ ತಲೆಬಾಗಿಸಿ, 'ಶಿಕಾಮೋ ಬೀಬಿ' ಅನ್ನಿ. ಅಜ್ಜಿ ಬಕೆಟ್ ಅಲುಗಿಸದೆ ನಿಲ್ಲುತ್ತಾಳೆ. 'ಮರಹಬಾ', ಆಮೇಲೆ ಎಲ್ಲಿಂದ ಬಂದೆ, ಯಾರ ಮನೆಯಲ್ಲಿದ್ದೀಯಾ, ಯಾವ ಕ್ಲಾಸಿಗೆ ಪಾಠ ಅಂತ ಕೇಳುತ್ತಾಳೆ. ಸ್ಕೂಲಿಗೆ ತಡವಾಗುತ್ತದೆ ಅಂತ ಓಡಬೇಡಿ, ಅದಕ್ಕೇ ಹತ್ತು ನಿಮಿಷ ಮುಂಚೆ ಮನೆ ಬಿಡಿ. ಸಂಜೆಯೊಳಗೆ ಹೊಸ ಟೀಚರಿಗೆ ಮರ್ಯಾದೆ ಗೊತ್ತು ಅನ್ನುವ ಸುದ್ದಿ ಊರಿಡೀ ಹಬ್ಬಿರುತ್ತದೆ. ಮುಂದೆ ಮನೆ ಬೀಗ ಕೆಟ್ಟರೆ, ಜ್ವರ ಬಂದರೆ, ಮೋಟಾರ್‌ಬೈಕ್ ಬೇಕಾದರೆ ಕೈಹಿಡಿಯುವುದು ಈ ಪರಿಚಯವೇ.

ಇನ್ನಷ್ಟು ಮಾತುಗಳು: ಬಾಗಿಲಲ್ಲಿ ನಿಂತು 'ಹೋದಿ' ಅನ್ನಬೇಕು, ಒಳಗಿಂದ 'ಕರೀಬು' ಅಂದ ಮೇಲೆ ಹೆಜ್ಜೆ ಇಡಬೇಕು. ನೀವು ಎಡವಿದರೆ, ಸುಸ್ತಾದರೆ, ದೂರದಿಂದ ಬಂದರೆ ಎಲ್ಲರೂ 'ಪೋಲೆ' ಅನ್ನುತ್ತಾರೆ. ಅದು ಅಯ್ಯೋ ಪಾಪ ಅನ್ನುವ ಸಹಾನುಭೂತಿ. ತಪ್ಪಿಗೆ ಕ್ಷಮೆ ಕೇಳಬೇಕಾದರೆ 'ಸಮಹಾನಿ'. ಕೊಡುವುದು, ತಗೊಳ್ಳುವುದು ಬಲಗೈಯಲ್ಲಿ; ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೈಕುಲುಕಿದವರು ಮಾತು ಮುಗಿಯುವ ತನಕ ಕೈ ಹಿಡಿದೇ ಇರಬಹುದು, ಎಳೆದುಕೊಳ್ಳಬೇಡಿ.

ಬಂದ ಮೊದಲ ದಿನಗಳಲ್ಲೇ ಮುಖ್ಯೋಪಾಧ್ಯಾಯರ ಜೊತೆ ಹೋಗಿ ಹಳ್ಳಿ ಆಡಳಿತಾಧಿಕಾರಿ 'ಮ್ತೆಂದಾಜಿ', ಹಳ್ಳಿಯ ಅಧ್ಯಕ್ಷ 'ಮ್ವೆನ್ಯೆಕಿತಿ' ಇಬ್ಬರನ್ನೂ ಕಂಡು ಪುಸ್ತಕದಲ್ಲಿ ಹೆಸರು ಬರೆಸಿ. ದಾರ್ ಎಸ್ ಸಲಾಮ್‌ನ ಭಾರತೀಯ ಹೈಕಮಿಷನ್‌ನಲ್ಲೂ ನೋಂದಾಯಿಸಿಕೊಳ್ಳಿ.

ಸ್ವಾಹಿಲಿ ಕಲಿಯೋದಕ್ಕೆ ಕನ್ನಡಿಗರು ಹೆದರಬೇಕಿಲ್ಲ. ಬರೆದ ಹಾಗೇ ಓದುವ ಭಾಷೆ, ಪದಗಳು ಸ್ವರದಲ್ಲೇ ಮುಗಿಯುತ್ತವೆ. ಒತ್ತು ಹೆಚ್ಚುಕಡಿಮೆ ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ. ಒಂದು ನೋಟ್‌ಬುಕ್ ಇಟ್ಟು ಕೇಳಿದ ಪದವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ, ರೋಮನ್ ಲಿಪಿಗಿಂತ ಉಚ್ಚಾರ ಚೆನ್ನಾಗಿ ಉಳಿಯುತ್ತದೆ. ವ್ಯಾಕರಣದಲ್ಲಿ ಕಷ್ಟ ಇರುವುದು ಪದದ ಮುಂದೆ ಸೇರುವ ತುಣುಕುಗಳಲ್ಲಿ. ಒಬ್ಬ ಟೀಚರ್ 'ಮ್ವಾಲಿಮು', ಹಲವರು 'ವಾಲಿಮು'. ಅದಕ್ಕೆ ಅಭ್ಯಾಸ ಬಿಟ್ಟು ಬೇರೆ ದಾರಿ ಇಲ್ಲ.

ಹೆಜ್ಜೆ 6: ಮನೆ ಮತ್ತು ಅಡುಗೆ

ಬಾಡಿಗೆಯನ್ನು ಹಲವು ತಿಂಗಳಿಗೆ ಒಟ್ಟಿಗೆ ಮುಂಗಡ ಕೇಳುವುದು ಅಲ್ಲಿ ಸಾಮಾನ್ಯ. ಮನೆ ನೋಡುವಾಗ ಗೋಡೆ ಬಣ್ಣ ಬಿಡಿ. ನೀರು ಎಲ್ಲಿಂದ, ಬೇಸಿಗೆಯಲ್ಲೂ ಬರುತ್ತದಾ, ಕಿಟಕಿಗೆ ಜಾಲರಿ ಇದೆಯಾ, ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಇದೆಯಾ ನೋಡಿ. ಕರೆಂಟ್ 'ಲುಕು' ಅನ್ನುವ ಪ್ರಿಪೇಯ್ಡ್ ಮೀಟರಿನಲ್ಲಿ ಬರುತ್ತದೆ. ಫೋನಿನಲ್ಲಿ ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ಮೀಟರಿನಲ್ಲಿ ಒತ್ತಬೇಕು. ಭಾನುವಾರ ರಾತ್ರಿ ಯೂನಿಟ್ ಖಾಲಿಯಾಗದ ಹಾಗೆ ನೋಡಿಕೊಳ್ಳಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಸೊಳ್ಳೆಪರದೆ ಪ್ರತಿ ರಾತ್ರಿ, ಚಳಿಗಾಲದಲ್ಲೂ.

ಊಟದಲ್ಲಿ ನಮಗೆ ಅಲ್ಲಿ ಅರ್ಧ ತವರು. ಮೆಕ್ಕೆಜೋಳದ ಹಿಟ್ಟಿನ 'ಉಗಾಲಿ' ನಮ್ಮ ಮುದ್ದೆಯ ಹಾಗೇ, ಕೈಯಲ್ಲಿ ಮುರಿದು ಪಲ್ಯ ಅಥವಾ ಕಾಳಿನ ಜೊತೆ ತಿನ್ನುವುದು. ರಾಗಿ ಕೂಡ ಸಿಗುತ್ತದೆ, ಅದರ ಹೆಸರು 'ಉಲೇಜಿ'. ರಾಗಿಯ ಮೂಲ ನಾಡೇ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು. ಬೆಳಗ್ಗೆ ರಾಗಿ ಗಂಜಿ, 'ಉಜಿ', ಬಹಳ ಮನೆಗಳಲ್ಲಿ ಇರುತ್ತದೆ. ತೊಗರಿ 'ಮ್ಬಾಜಿ', ಹೆಸರುಕಾಳು 'ಚೋರೋಕೋ', ಅಲಸಂದೆ 'ಕುಂದೆ', ದಂಟಿನ ಸೊಪ್ಪು 'ಮ್ಚಿಚಾ', ಬೆಂಡೆ 'ಬಾಮಿಯಾ', ಹಲಸು 'ಫೆನೇಸಿ'. ಕರಾವಳಿಯಲ್ಲಿ ತೆಂಗಿನಹಾಲಲ್ಲಿ ಬೇಯಿಸಿದ ತೊಗರಿ ತಿಂದರೆ ಮನೆ ನೆನಪಾಗುತ್ತದೆ. ಚಪಾತಿ, ಚಾಯ್ ಎಲ್ಲೆಡೆ ಇವೆ.

ಸಸ್ಯಾಹಾರಿಗಳಿಗೆ ಒಂದು ಮುಖ್ಯ ಸೂಚನೆ. 'ಮ್ಬೋಗಾ' ಅಂದರೆ ತರಕಾರಿ ಅಂತ ಪುಸ್ತಕ ಹೇಳುತ್ತದೆ. ಬಳಕೆಯಲ್ಲಿ ಉಗಾಲಿ ಜೊತೆ ತಿನ್ನುವ ಯಾವುದೂ ಮ್ಬೋಗಾನೇ, ಮಾಂಸ, ಮೀನೂ ಸೇರಿ. ಹಾಗಾಗಿ 'ಸಿಲಿ ನ್ಯಾಮಾ, ಸಿಲಿ ಸಮಾಕಿ', ಮಾಂಸ ತಿನ್ನಲ್ಲ, ಮೀನು ತಿನ್ನಲ್ಲ ಅಂತ ಬಿಡಿಸಿ ಹೇಳಿ. ಸಣ್ಣ ಒಣಮೀನು 'ದಗಾ' ಬಗ್ಗೆ ಬೇರೆಯಾಗಿ ಕೇಳಿ, ಅದನ್ನು ಕೆಲವರು ಮೀನು ಅಂತ ಲೆಕ್ಕಕ್ಕೇ ಇಡುವುದಿಲ್ಲ. ಊಟಕ್ಕೆ ಕರೆದವರಿಗೆ ಮುಂಚೆಯೇ ತಿಳಿಸಿ. ಕೋಳಿ ಕೊಯ್ದ ಮೇಲೆ ಬೇಡ ಅಂದರೆ ಆ ಮನೆಯವರಿಗೆ ನಿಜವಾಗಿ ನೋವಾಗುತ್ತದೆ.

ಹೆಜ್ಜೆ 7: ಶಾಲೆಯೊಳಗೆ

ಈಗ ಮುಖ್ಯ ವಿಷಯ. ತಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠವೆಲ್ಲ ಸ್ವಾಹಿಲಿಯಲ್ಲಿ. ಪ್ರೌಢಶಾಲೆಯ ಮೊದಲ ವರ್ಷ, 'ಫಾರ್ಮ್ ಒನ್', ಬಂದ ಕೂಡಲೇ ಎಲ್ಲ ಇಂಗ್ಲಿಷ್ ಮಾಧ್ಯಮ. ನಿನ್ನೆ ತನಕ ಸ್ವಾಹಿಲಿಯಲ್ಲಿ ಲೆಕ್ಕ, ವಿಜ್ಞಾನ ಓದಿದ ಮಗು ಇವತ್ತು ಭೌತಶಾಸ್ತ್ರ, ಜೀವಶಾಸ್ತ್ರ, ಭೂಗೋಳ ಎಲ್ಲವನ್ನೂ ಗೊತ್ತಿಲ್ಲದ ಭಾಷೆಯಲ್ಲಿ ಎದುರಿಸಬೇಕು. ಶುರುವಿನಲ್ಲಿ ಕೆಲವು ವಾರ ಇಂಗ್ಲಿಷ್ ತರಬೇತಿ ಕೊಡುತ್ತಾರೆ, ಅದು ಸಾಲುವುದಿಲ್ಲ. ಕನ್ನಡ ಮೀಡಿಯಂನಿಂದ ಬಂದು ಪಿಯುಸಿ ಸೈನ್ಸ್ ಕ್ಲಾಸಿನ ಕೊನೆ ಬೆಂಚಿನಲ್ಲಿ ಸುಮ್ನೆ ತಲೆಯಾಡಿಸಿದವರಿಗೆ ಆ ಮಗುವಿನ ಮುಖ ನೋಡಿದ ಕೂಡಲೇ ಅರ್ಥವಾಗುತ್ತದೆ. ದಡ್ಡತನ ಅಲ್ಲ ಅದು, ಭಾಷೆಯ ಗೋಡೆ. ಇಂಗ್ಲಿಷ್ ಮನೆಮಾತಾಗಿರುವ ಸ್ವಯಂಸೇವಕರಿಗೆ ಇದು ತಿಂಗಳುಗಟ್ಟಲೆ ಗೊತ್ತಾಗದೇ ಹೋಗಬಹುದು. ನಿಮಗೆ ಮೊದಲ ದಿನವೇ ಗೊತ್ತಾಗುತ್ತದೆ. ನೀವು ಅಲ್ಲಿಗೆ ಒಯ್ಯುವ ದೊಡ್ಡ ಆಸ್ತಿ ಇದೇ.

ಮೊದಲ ಎರಡು ವಾರ ಪಾಠ ಮಾಡುವುದಕ್ಕಿಂತ ಬೇರೆಯವರ ಪಾಠಕ್ಕೆ ಕೂರಲು ಅನುಮತಿ ಕೇಳಿ. 2016ರಲ್ಲಿ ಸರ್ಕಾರ ಫಾರ್ಮ್ ಫೋರ್, ಅಂದರೆ ಪ್ರೌಢಶಾಲೆಯ ನಾಲ್ಕನೆಯ ವರ್ಷದ ತನಕ ಶುಲ್ಕ ತೆಗೆದ ಮೇಲೆ ಶಾಲೆಗಳು ತುಂಬಿಹೋಗಿವೆ. ಒಂದು ಕ್ಲಾಸಿನಲ್ಲಿ 80 ಮಕ್ಕಳಿದ್ದರೂ ಆಶ್ಚರ್ಯವಿಲ್ಲ. ಪಠ್ಯಪುಸ್ತಕ ಹಂಚಿಕೊಂಡು ಓದುವುದು, ಹಾಗಾಗಿ ಬೋರ್ಡಿನ ಮೇಲೆ ಬರೆದ ನೋಟ್ಸೇ ಅವರ ಪುಸ್ತಕ. ಅಂಥ ಕ್ಲಾಸನ್ನು ಅಲ್ಲಿನ ಟೀಚರ್ ಹೇಗೆ ಹಿಡಿದಿಡುತ್ತಾರೆ, ಯಾವಾಗ ಸ್ವಾಹಿಲಿಗೆ ಜಾರುತ್ತಾರೆ, ಯಾವಾಗ ಇಂಗ್ಲಿಷಿಗೆ ಮರಳುತ್ತಾರೆ ಗಮನಿಸಿ. ಅದರಲ್ಲಿ ವರ್ಷಗಳ ಅನುಭವ ಇದೆ.

ಒಂದು ಪಾಠ ಹೀಗೆ ಮಾಡಿ ನೋಡಿ. ವಿಷಯ, ನೀರು ಆವಿಯಾಗುವುದು. ಬೋರ್ಡನ್ನು ಮೂರು ಭಾಗ ಮಾಡಿ. ಎಡಗಡೆ ಚಿತ್ರ: ಒಲೆ, ಪಾತ್ರೆ, ಮೇಲೇಳುವ ಹಬೆ. ನಡುವೆ ಆರೇ ಆರು ಇಂಗ್ಲಿಷ್ ಪದ. ಬಲಗಡೆ ಖಾಲಿ ಬಿಡಿ. 'ಇದಕ್ಕೆ ಸ್ವಾಹಿಲಿಯಲ್ಲಿ ಏನು?' ಅಂತ ಮಕ್ಕಳನ್ನೇ ಕೇಳಿ ಬರೆಸಿ. 'ಮಾಜಿ' ನೀರು, 'ಜೋತೋ' ಬಿಸಿ, 'ಕುಚೆಮ್ಕಾ' ಕುದಿಯುವುದು, 'ಮ್ವೂಕೆ' ಹಬೆ. ನಿಮ್ಮ ಉಚ್ಚಾರ ಅವರು ತಿದ್ದಲಿ. ಕ್ಲಾಸು ನಗುತ್ತದೆ, ಮೌನ ಮುರಿಯುತ್ತದೆ. ಆಮೇಲೆ ಆ ಆರು ಇಂಗ್ಲಿಷ್ ಪದಗಳಲ್ಲೇ ಸಣ್ಣ ಸಣ್ಣ ವಾಕ್ಯ ಮಾಡಿ, ಎಲ್ಲರೂ ಹೇಳಲಿ, ಬರೆಯಲಿ. 'ಅರ್ಥವಾಯಿತಾ' ಅಂತ ಕೇಳಬೇಡಿ. ಇಡೀ ಕ್ಲಾಸು 'ನ್ದಿಯೋ', ಹೌದು ಅನ್ನುತ್ತದೆ, ಅದರಿಂದ ಏನೂ ಗೊತ್ತಾಗಲ್ಲ. ಬದಲಿಗೆ ಒಬ್ಬರನ್ನು ಕರೆದು ಚಿತ್ರಕ್ಕೆ ಪದ ಸೇರಿಸಲು ಹೇಳಿ. ಆರು ಪದ ಅಂದರೆ ಕಡಿಮೆ ಅನ್ನಿಸಬಹುದು. ವಾರಕ್ಕೆ ನಾಲ್ಕು ಪಾಠ ಅಂದರೆ ಟರ್ಮ್ ಮುಗಿಯುವಷ್ಟರಲ್ಲಿ ವಿಷಯದ ಮುಖ್ಯ ಶಬ್ದಗಳೆಲ್ಲ ಕೈಯಲ್ಲಿರುತ್ತವೆ.

ನಿಮ್ಮ ಇಂಗ್ಲಿಷ್ ನಿಧಾನವಾಗಿರಲಿ. ನಮ್ಮ ವೇಗ, ನಮ್ಮ ಧಾಟಿ ಅವರ ಕಿವಿಗೆ ಹೊಸದು. ಎಂಟೆಂಟು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ನಾಯಕ ಅಥವಾ ನಾಯಕಿ. ದಿನಾ ಎಲ್ಲರ ನೋಟ್‌ಬುಕ್ ತಿದ್ದುವುದು ಸಾಧ್ಯವಿಲ್ಲ, ದಿನಕ್ಕೆ ಎರಡು ಗುಂಪು ಸಾಕು. ಸೋಡಾ ಬಾಟಲಿ ಮುಚ್ಚಳ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಖಾಲಿ ನೀರಿನ ಬಾಟಲಿ, ಇವೇ ನಿಮ್ಮ ಪ್ರಯೋಗಾಲಯ.

ಕಾಗದದ ಕೆಲಸವನ್ನೂ ಗೌರವದಿಂದ ಮಾಡಿ. ಸ್ಕೀಮ್ ಆಫ್ ವರ್ಕ್, ಲೆಸನ್ ಪ್ಲಾನ್, ವಿಷಯದ ಲಾಗ್‌ಬುಕ್ ಮೂರನ್ನೂ ಇನ್‌ಸ್ಪೆಕ್ಟರ್ ನೋಡುತ್ತಾರೆ. ಶಾಲಾವರ್ಷ ಜನವರಿಗೆ ಶುರು, ಡಿಸೆಂಬರಿಗೆ ಮುಗಿಯುತ್ತದೆ. ಫಾರ್ಮ್ ಟೂ, ಫಾರ್ಮ್ ಫೋರ್ ರಾಷ್ಟ್ರೀಯ ಪರೀಕ್ಷೆ ವರ್ಷದ ಕೊನೆಗೆ. ಫಾರ್ಮ್ ಫೋರ್‌ನಲ್ಲಿ 75ರ ಮೇಲೆ 'ಎ', 30ರಿಂದ 44 'ಡಿ', ಅದಕ್ಕಿಂತ ಕೆಳಗೆ ಫೇಲು. ಒಟ್ಟು ಫಲಿತಾಂಶ ಡಿವಿಷನ್‌ನಲ್ಲಿ ಬರುತ್ತದೆ, ಅದರಲ್ಲಿ ಪಾಯಿಂಟ್ ಕಡಿಮೆ ಇದ್ದಷ್ಟೂ ಒಳ್ಳೆಯದು. ನಿಮ್ಮ ಹೊಸ ಹೊಸ ಚಟುವಟಿಕೆ ಎಷ್ಟು ಚೆನ್ನಾಗಿದ್ದರೂ ಪರೀಕ್ಷೆಯ ಪಾಠ ಹಿಂದೆ ಬೀಳಬಾರದು. ಆ ಮಕ್ಕಳ ಮುಂದಿನ ದಾರಿ ಅದರ ಮೇಲಿದೆ.

ಬೆತ್ತದ ವಿಷಯ. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ತಾಂಜಾನಿಯಾದಲ್ಲಿ ನಿಯಮಗಳ ಒಳಗೆ ಅದು ಇನ್ನೂ ಕಾನೂನುಬದ್ಧ. ನೀವು ಹೊಡೆಯುವುದಿಲ್ಲ ಅನ್ನುವುದನ್ನು ಮೊದಲ ವಾರವೇ ಮುಖ್ಯೋಪಾಧ್ಯಾಯರಿಗೆ ಖಾಸಗಿಯಾಗಿ, ವಿನಯದಿಂದ ಹೇಳಿ. ತಪ್ಪು ಮಾಡಿದ ಮಗುವನ್ನು ಇನ್ನೊಬ್ಬರ ಕೈಗೆ ಹೊಡೆಸಲು ಕಳಿಸುವುದೂ ಬೇಡ, ಅದು ನೀವೇ ಹೊಡೆದ ಹಾಗೆ. ಮಕ್ಕಳ ಎದುರು ಸಹೋದ್ಯೋಗಿಯನ್ನು ತಡೆದು ಅವಮಾನ ಮಾಡಿದರೆ ಬದಲಾವಣೆ ಬರುವುದಿಲ್ಲ, ಬಾಗಿಲು ಮುಚ್ಚುತ್ತದೆ. ಬೆತ್ತ ಇಲ್ಲದೆ 80 ಮಕ್ಕಳ ಕ್ಲಾಸು ನಡೆಯುವುದನ್ನು ಅವರು ಕಣ್ಣಾರೆ ನೋಡಲಿ. ಮಗುವಿಗೆ ಗಾಯವಾಗುವಂಥದ್ದು, ಅಥವಾ ಬೇರೆ ರೀತಿಯ ಶೋಷಣೆ ಕಂಡರೆ ಮಾತ್ರ ಸುಮ್ಮನಿರಬೇಡಿ, ಅದೇ ದಿನ ನಿಮ್ಮ ಸಂಸ್ಥೆಗೆ ತಿಳಿಸಿ. ನೀವೂ ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಬೇಡಿ. ಮಕ್ಕಳ ಫೋಟೋ ಸೋಶಿಯಲ್ ಮೀಡಿಯಾಕ್ಕೆ ಹಾಕಬೇಡಿ.

ಹೆಜ್ಜೆ 8: ಅಲ್ಲಿ ನೀವು ಯಾರು?

ಬಿಳಿಯ ಸ್ವಯಂಸೇವಕರಿಗೆ ಬರೆದ ಪುಸ್ತಕಗಳಲ್ಲಿ ಈ ವಿಷಯ ಸಿಗುವುದಿಲ್ಲ. ಅಲ್ಲಿ ನಿಮ್ಮನ್ನು 'ಮ್ಹಿಂದಿ', ಭಾರತೀಯರು ಅಂತ ಕರೆಯುತ್ತಾರೆ. ತಲೆಮಾರುಗಳಿಂದ ನೆಲೆಸಿರುವ ಭಾರತೀಯ ಮೂಲದವರಲ್ಲಿ ಹೆಚ್ಚಿನವರು ಗುಜರಾತಿ ವ್ಯಾಪಾರಿ ಕುಟುಂಬಗಳು. ಹಾಗಾಗಿ ಮ್ಹಿಂದಿ ಅಂದರೆ ಅಂಗಡಿ, ದುಡ್ಡು, ಸ್ವಲ್ಪ ದೂರ ಇರುವ ಜನ ಅನ್ನುವ ಚಿತ್ರ ಬಹಳ ಜನರ ಮನಸ್ಸಿನಲ್ಲಿದೆ. ನೀವು ಬಾವಿಯಿಂದ ನೀರು ಹೊತ್ತು, ಪಕ್ಕದ ಮನೆಯಲ್ಲಿ ಉಗಾಲಿ ತಿಂದರೆ ಅವರಿಗೆ ನಿಜವಾಗಿಯೂ ಆಶ್ಚರ್ಯ. ಕೂಗಿದವರ ಮೇಲೆ ಸಿಟ್ಟಾಗಬೇಡಿ. ನಗುತ್ತಾ 'ಮಿಮಿ ನಿ ಮ್ವಾಲಿಮು', ನಾನು ಟೀಚರ್ ಅನ್ನಿ. ಆ ದೇಶದಲ್ಲಿ ಆ ಪದಕ್ಕೆ ದೊಡ್ಡ ತೂಕ. ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ರಾಜಕೀಯಕ್ಕೆ ಬರುವ ಮುಂಚೆ ತಬೋರಾ ಮತ್ತು ಪುಗುವಿನಲ್ಲಿ ಶಾಲಾ ಮಾಸ್ತರರಾಗಿದ್ದರು. ಇವತ್ತಿಗೂ ದೇಶ ಅವರನ್ನು 'ಮ್ವಾಲಿಮು' ಅಂತಲೇ ಕರೆಯುತ್ತದೆ.

ದುಡ್ಡು ಕೇಳುವವರು ಬರುತ್ತಾರೆ. ಶುರುವಿನಲ್ಲೇ ಒಂದು ನಿಯಮ ಮಾಡಿಕೊಳ್ಳಿ: ಒಬ್ಬೊಬ್ಬರಿಗೆ ಸಾಲ ಇಲ್ಲ, ಒಂದು ಮಗುವಿಗೆ ಮಾತ್ರ ಉಡುಗೊರೆ ಇಲ್ಲ. ಆದರೆ ಊರಿನ 'ಮ್ಚಾಂಗೋ', ಅಂದರೆ ಮದುವೆಗೆ, ಸಾವಿಗೆ ಎಲ್ಲರೂ ಹಾಕುವ ಪಾಲು, ಅದನ್ನು ತಪ್ಪಿಸಬೇಡಿ. ಸ್ಟಾಫ್‌ರೂಮಿನಲ್ಲಿ ಉಳಿದವರು ಎಷ್ಟು ಹಾಕುತ್ತಾರೋ ಅಷ್ಟೇ ಹಾಕಿ. ಸಾವಿನ ಮನೆಗೆ ಹೋಗಿ ಕೂರಿ. ಭಾಷೆ ಬರದಿದ್ದರೂ ಪರವಾಗಿಲ್ಲ, 'ಪೋಲೆ ಸಾನಾ' ಅಂದರೆ ಸಾಕು. ಹೋಗದಿದ್ದರೆ ಮಾತ್ರ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ರಾಜಕೀಯ ಸಭೆ, ಮೆರವಣಿಗೆಗಳಿಂದ ದೂರ ಇರಿ.

ಹೆಜ್ಜೆ 9: ಜ್ವರ, ಕೆರೆ, ರಸ್ತೆ

ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ. ಅದೇ ದಿನ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬೆರಳಿನ ರಕ್ತದ ಮಲೇರಿಯಾ ಪರೀಕ್ಷೆ ಮಾಡಿಸಿ. ಊರಿಗೆ ವಾಪಸ್ ಬಂದ ಕೆಲವು ತಿಂಗಳಲ್ಲಿ ಜ್ವರ ಬಂದರೂ ಇಲ್ಲಿನ ಡಾಕ್ಟರಿಗೆ ತಾಂಜಾನಿಯಾದಲ್ಲಿದ್ದೆ ಅಂತ ಮೊದಲು ಹೇಳಿ.

ವಿಕ್ಟೋರಿಯಾ ಸರೋವರ, ಕೆರೆ, ನಿಧಾನ ಹರಿಯುವ ಹೊಳೆ ನೋಡಿದರೆ ಇಳಿಯಬೇಕು ಅನ್ನಿಸುತ್ತದೆ. ಇಳಿಯಬೇಡಿ. ಬಸವನಹುಳು ಮೂಲಕ ಹರಡುವ 'ಕಿಚೋಚೋ' ಅನ್ನುವ ಪರಾವಲಂಬಿ ರೋಗ ಚರ್ಮದ ಮೂಲಕವೇ ಒಳಹೋಗುತ್ತದೆ. ನಮ್ಮ ಕಡೆ ಹೆಚ್ಚುಕಡಿಮೆ ಇಲ್ಲದ ಕಾಯಿಲೆಯಾದ್ದರಿಂದ ಇಲ್ಲಿನ ಡಾಕ್ಟರುಗಳಿಗೂ ಬೇಗ ಹೊಳೆಯುವುದಿಲ್ಲ. ಬರಿಗಾಲಲ್ಲಿ ಓಡಾಡಬೇಡಿ, ಕಾಲಿನ ಚರ್ಮಕ್ಕೆ ಹೊಕ್ಕುವ ಚಿಗಟ ಇದೆ.

ನಿಜವಾದ ದೊಡ್ಡ ಅಪಾಯ ರಸ್ತೆ. 'ಬೋದಾ ಬೋದಾ' ಅನ್ನುವ ಬಾಡಿಗೆ ಬೈಕ್ ಹತ್ತುವಾಗ ಹೆಲ್ಮೆಟ್ ಇರಲೇಬೇಕು, ಬೇಕಿದ್ದರೆ ನಿಮ್ಮದೇ ಕೊಳ್ಳಿ. ನಂಬಿಕೆಯ ಒಬ್ಬ ಚಾಲಕನ ನಂಬರ್ ಇಟ್ಟುಕೊಳ್ಳಿ. ರಾತ್ರಿ ಪ್ರಯಾಣ ತಪ್ಪಿಸಿ. ದಾರ್‌ನಿಂದ ಮೊರೊಗೊರೊ, ಡೊಡೊಮಾ ಕಡೆಗೆ ಹೋಗುವವರಿಗೆ 2024ರಲ್ಲಿ ಶುರುವಾದ ಹೊಸ ವಿದ್ಯುತ್ ರೈಲು ಬಸ್ಸಿಗಿಂತ ಎಷ್ಟೋ ಮೇಲು.

ಹೆಜ್ಜೆ 10: ಎರಡನೆಯ ತಿಂಗಳ ಬೇಸರ, ಟರ್ಮಿನ ಕೊನೆ

ಮೊದಲ ತಿಂಗಳು ಎಲ್ಲ ಹೊಸದು. ಎರಡನೆಯ ತಿಂಗಳು ಕಷ್ಟ. ಮಳೆ, ಕರೆಂಟಿಲ್ಲ, ಕನ್ನಡದಲ್ಲಿ ಒಂದು ಮಾತಾಡಲು ಸುತ್ತಮುತ್ತ ಯಾರೂ ಇಲ್ಲ. ಹೀಗಾಗುವುದು ಸಹಜ, ಕೆಲಸ ಬಿಡುವ ತೀರ್ಮಾನ ಆ ದಿನಗಳಲ್ಲಿ ಮಾಡಬೇಡಿ. ಭಾರತ ಅಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ನಿಮ್ಮ ಶಾಲೆ ಮುಗಿದು 4 ಗಂಟೆ ಆದಾಗ ಇಲ್ಲಿ ಆರೂವರೆ, ಮನೆಯವರು ಕಾಫಿ ಕುಡಿದು ಕೂತಿರುವ ಹೊತ್ತು. ವಾರದಲ್ಲಿ ಗೊತ್ತಾದ ದಿನಗಳಲ್ಲಿ ಮಾತ್ರ ಕರೆ ಮಾಡಿ. ದಿನಾ ಗಂಟೆಗಟ್ಟಲೆ ವಿಡಿಯೋ ಕಾಲ್ ಮಾಡುವವರು ಅಲ್ಲಿ ನೆಲೆಯೂರಲು ಜಾಸ್ತಿ ಸಮಯ ತಗೊಳ್ಳುತ್ತಾರೆ. ಸಂಜೆ ಹೊತ್ತು ಪಕ್ಕದ ಮನೆಯ ಅಂಗಳದಲ್ಲಿ ಕಾಳು ಆರಿಸುತ್ತಾ ಕೂತರೆ ಸ್ವಾಹಿಲಿಯೂ ಬರುತ್ತದೆ, ಮನಸ್ಸೂ ಹಗುರಾಗುತ್ತದೆ. ಒಂದು ವಾರಾಂತ್ಯ ಹತ್ತಿರದ ಪೇಟೆಗೆ ಹೋಗಿ ಒಳ್ಳೆಯ ಊಟ ಮಾಡಿ ಬನ್ನಿ. ನಿದ್ದೆ, ಊಟ ಎರಡೂ ಕೆಟ್ಟು ವಾರಗಳಾದರೆ ಸಂಸ್ಥೆಯ ಸಂಯೋಜಕರಿಗೆ ಮುಚ್ಚುಮರೆ ಇಲ್ಲದೆ ಹೇಳಿ.

ಟರ್ಮ್ ಮುಗಿಯುವ ವಾರ ಮುಖ್ಯೋಪಾಧ್ಯಾಯರು ಮತ್ತು ಅದೇ ವಿಷಯದ ಸ್ಥಳೀಯ ಟೀಚರ್ ಜೊತೆ ಕೂರಿ. ಏನು ನಡೆಯಿತು, ಏನು ನಡೆಯಲಿಲ್ಲ ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ. ಮುಂದಿನ ಟರ್ಮಿಗೆ ಒಂದು ಕ್ಲಾಸನ್ನಾದರೂ ಇಬ್ಬರೂ ಸೇರಿ ತಗೊಳ್ಳುವ ಹಾಗೆ ಟೈಮ್‌ಟೇಬಲ್ ಹೊಂದಿಸಿ. ನಿಮ್ಮ ಚಿತ್ರಗಳು, ಮೂರು ಕಾಲಮ್ಮಿನ ಪದಪಟ್ಟಿಗಳು ಶಾಲೆಯ ಕಪಾಟಿನಲ್ಲಿ ಇರಲಿ, ನಿಮ್ಮ ಬ್ಯಾಗಿನಲ್ಲಿ ಅಲ್ಲ. ಪರ್ಮಿಟ್ ಮುಗಿಯುವ ದಿನಾಂಕವನ್ನೂ ಆ ವಾರವೇ ನೋಡಿ. ನವೀಕರಣಕ್ಕೆ ಅರ್ಜಿ ಹಾಕಬೇಕಿದ್ದರೆ ರಜೆಗೆ ಹೊರಡುವ ಮುಂಚೆ ಹಾಕಿ.